ಗುಬ್ಬಿಯ ಸರದಿ

"ಅಳೋಕೂ ಬರಲ್ವೇನೇ ನಿಂಗೆ? ಹೆತ್ತ ಮಗು ಸಾಯ್ತಾ ಬಿದ್ದಿದೆ ಅಂದ್ರೆ ಮುಖ ಹೆಂಗಿರ್ಬೇಕು? ಹಿಂಗಾ, ಸುಟ್ಟ ಬದನೆಕಾಯಿ ಥರ?"

ನಿರ್ದೇಶಕನ ಸಹಾಯಕ, ಆ ಮೈಕಿನವನು, ಮಾರು ದೂರದಲ್ಲೇ ನಿಂತಿದ್ದ. ಆದರೂ ಮೈಕಿನಲ್ಲೇ ಬೈದ. ಇಡೀ ಕಾರಿಡಾರಿಗೆ ಕೇಳಿಸಿತು. ದೀಪ ಹಿಡಿದವರು ನಕ್ಕರು. ಸಿನಿಮಾದವರ ಟೀ ಹೀರುತ್ತ ನಿಂತಿದ್ದ ಆಸ್ಪತ್ರೆಯ ಗುಮಾಸ್ತರೂ ನಕ್ಕರು.

ಸಿಡುಕಿ ಅಳಲಿಲ್ಲ. ಅವಳು ಆ ಆಸ್ಪತ್ರೆಯಲ್ಲಿ ನೆಲ ಒರೆಸುವ ಆಯಾ. ಒದ್ದೆ ನೆಲದ ಮೇಲೆ ಬೂಟುಗಾಲು ಇಟ್ಟವನು ಡಾಕ್ಟರೇ ಆಗಲಿ, ಡಾಕ್ಟರ ಅಪ್ಪನೇ ಆಗಲಿ, ನಾಲ್ಕು ಮಾತು ಗೊಣಗದೆ ಬಿಟ್ಟವಳಲ್ಲ. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಹಾಕುವವನಿಗೂ ಮರೆತುಹೋಗಿತ್ತು. ಅವತ್ತು ಬೆಳಿಗ್ಗೆ ಬಕೆಟ್ಟು ಹಿಡಿದು ಹೊರಟವಳನ್ನು ಮೇಲ್ವಿಚಾರಕ ತಡೆದು, "ನೆಲ ಆಮೇಲೆ ಒರ್ಸು. ಸಿನಿಮಾದೋರಿಗೆ ಬಡವರು ಬೇಕಂತೆ, ಹೋಗಿ ನಿಂತ್ಕೋ" ಎಂದಿದ್ದ.

ಹೋಗಿ ನಿಂತರೆ, ಬಟ್ಟೆಗಳ ಪೆಟ್ಟಿಗೆ ಇಟ್ಟುಕೊಂಡಿದ್ದ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೂಗು ಮುರಿದಳು. ಸಿಡುಕಿ ತೊಟ್ಟಿದ್ದು ಹಳೆಯದೇ ಆದರೂ ಒಗೆದ ಬಟ್ಟೆ, ಹೊಲಿಗೆ ಬಿಟ್ಟ ಕಡೆ ಮತ್ತೆ ಹೊಲಿದ ಬಟ್ಟೆ. "ಇದು ಬಡತನ ಅಂತ ಅನ್ನಿಸ್ತಾನೇ ಇಲ್ಲ" ಎಂದ ಆ ಹೆಂಗಸು ಪೆಟ್ಟಿಗೆಯಿಂದ ಒಂದು ಹರಕಲು ತೆಗೆದು ತೊಡಿಸಿದಳು. ಹೊಸ ಬಟ್ಟೆಯನ್ನು ಕತ್ತರಿಯಲ್ಲಿ ಸೀಳಿ, ಮೇಲೆ ಟೀ ನೀರು ಚಿಮುಕಿಸಿ ಮಾಡಿದ ಹರಕಲು. ಹುಟ್ಟಿದಾಗಿನಿಂದ ಬಡವಿಯಾಗಿದ್ದದ್ದು ಸಾಲದೆಂದು ಇವತ್ತು ಬಡವಿಯ ವೇಷವನ್ನೂ ಹಾಕಬೇಕಾಯಿತಲ್ಲ ಎಂದುಕೊಂಡಳು ಸಿಡುಕಿ.

ಸಿನಿಮಾದ ಕತೆ ಇಷ್ಟೇ. ಒಬ್ಬ ಬಡ ಅಪ್ಪ. ಮಗಳ ಎರಡೂ ಕಿಡ್ನಿ ಕೆಟ್ಟಿವೆ. ಆಸ್ಪತ್ರೆಯವರು ದುಡ್ಡಿಲ್ಲವೆಂದು ಹೊರಗೆ ದಬ್ಬುತ್ತಾರೆ. ಅಪ್ಪ ಪಿಸ್ತೂಲು ಹಿಡಿದು ಡಯಾಲಿಸಿಸ್ ಕೋಣೆಗೆ ನುಗ್ಗಿ ಡಾಕ್ಟರನ್ನೇ ಒತ್ತೆ ಇಟ್ಟುಕೊಳ್ಳುತ್ತಾನೆ. ಕೊನೆಗೆ ಊರಿಗೆ ಊರೇ ಅವನಿಗಾಗಿ ಕಣ್ಣೀರಿಡುತ್ತದೆ. ಇದನ್ನು ತೆಗೆಯಲು ನಿಜವಾದ ಡಯಾಲಿಸಿಸ್ ಕೋಣೆಯೇ ಆಗಬೇಕೆಂದು ನಿರ್ದೇಶಕ ಹಟ ಹಿಡಿದ. ಆಸ್ಪತ್ರೆಯಲ್ಲಿ ಅಂಥ ಕೋಣೆಗಳು ಎರಡಿದ್ದವು. ದುಡ್ಡು ಕೊಡುವವರದು ಮೇಲಿನ ಮಹಡಿಯಲ್ಲಿ, ಗಾಜಿನ ಬಾಗಿಲ ಹಿಂದೆ. ಅದನ್ನು ನಿಲ್ಲಿಸುವ ಮಾತೇ ಇಲ್ಲ. ಇನ್ನೊಂದು ಕೆಳಗೆ, ದುಡ್ಡಿಲ್ಲದವರ ಧರ್ಮದ ಕೋಣೆ. ಅದನ್ನು ವಾರಪೂರ್ತಿ ಶೂಟಿಂಗಿಗೆ ಬಾಡಿಗೆ ಕೊಟ್ಟರು. ಅಲ್ಲಿಗೆ ಸರದಿಯಂತೆ ಬರುತ್ತಿದ್ದ ರೋಗಿಗಳಿಗೆ, ಮುಂದಿನ ವಾರ ಬನ್ನಿ ಎಂದು ಹೇಳಿ ಕಳಿಸಿದರು. ಸಾಯುವುದಿದ್ದರೂ ಮುಂದಿನ ವಾರ ಸಾಯಿರಿ ಅಂದಹಾಗೆ.

ಆ ರೋಗಿಗಳಲ್ಲಿ ಸಿಡುಕಿಯ ಮಗಳು ಗುಬ್ಬಿಯೂ ಒಬ್ಬಳು. ಯಂತ್ರ ಅವಳ ರಕ್ತವನ್ನು ಹೊರಗೆಳೆದು, ತೊಳೆದು, ತಿರುಗಿ ಮೈಗೆ ಬಿಡಬೇಕು. ಒಂದು ಸರದಿ ತಪ್ಪಿದರೆ ಮುಖ, ಕಾಲು ಊದಿಕೊಳ್ಳುತ್ತವೆ. ಇನ್ನೊಂದು ತಪ್ಪಿದರೆ ಎದೆಗೆ ನೀರು ಏರುತ್ತದೆ. ಗುಬ್ಬಿಗೆ ಎರಡು ತಪ್ಪಿದ್ದವು.

ಮೊದಲನೆಯದು ತಪ್ಪುವ ಮುಂಚೆಯೇ ಸಿಡುಕಿ ದೊಡ್ಡ ಡಾಕ್ಟರ ಕೋಣೆಗೆ ಹೋಗಿದ್ದಳು. ಅವರು ಕನ್ನಡಿಯ ಮುಂದೆ ಕೂತಿದ್ದರು. ಮೇಕಪ್ಪಿನವನು ಮುಖಕ್ಕೆ ಬಣ್ಣ ಹಚ್ಚುತ್ತಿದ್ದ. ಒತ್ತೆಯಾಳಾಗುವ ಡಾಕ್ಟರ ಪಾತ್ರವನ್ನು ತಾವೇ ಮಾಡುತ್ತೇನೆಂದು ದೊಡ್ಡ ಡಾಕ್ಟರು ನಿರ್ದೇಶಕನ ಹತ್ತಿರ ಕೇಳಿ ಪಡೆದಿದ್ದರು. ಕತ್ತು ತಿರುಗಿಸದೆ, ಕನ್ನಡಿಯಲ್ಲಿ ಕಂಡ ಸಿಡುಕಿಯನ್ನೇ ಕೇಳಿದರು.

"ಏನಮ್ಮಾ?"

"ನಾಳೆ ಗುಬ್ಬಿ ಸರದಿ ಸಾರ್. ಕೋಣೆ ಮುಚ್ಚಿಬಿಟ್ಟಿದಾರೆ."

"ಒಂದು ವಾರ ಸಹಿಸ್ಕೊಳ್ರಮ್ಮಾ. ನೀರು ಕಮ್ಮಿ ಕುಡಿಸು."

"ಇನ್ನೆಷ್ಟು ಕಮ್ಮಿ ಮಾಡ್ಲಿ ಸಾರ್? ಈಗ್ಲೇ ನಾಲಿಗೆ ಒದ್ದೆ ಮಾಡ್ಕೊಳೋಷ್ಟು ಕೊಡ್ತಿರೋದು. ಮೇಲಿನ ಕೋಣೇಲಿ ಮಧ್ಯಾಹ್ನದ ಹೊತ್ತು ಮಂಚ ಖಾಲಿ ಇರುತ್ತೆ. ನೆಲ ಒರೆಸೋಳು ನಾನೇ ಅಲ್ವಾ, ನೋಡಿದೀನಿ. ಒಂದ್ಸಲ ಅಲ್ಲಿ..."

"ಅಲ್ಲಿದ್ದು ಇಲ್ಲಿಗೆ, ಇಲ್ಲಿದ್ದು ಅಲ್ಲಿಗೆ ಕಲಸಬೇಡ. ಅವರು ದುಡ್ಡು ಕೊಟ್ಟು ಬರೋ ಜನ. ನಿಮ್ಮಂಥೋರು ಮಲಗಿದ ಹಾಸಿಗೇಲಿ ಮಲಗ್ತಾರಾ?" ಎಂದವರು ದನಿಯನ್ನು ಸ್ವಲ್ಪ ಮೆತ್ತಗೆ ಮಾಡಿದರು. "ನೋಡು, ಈ ಸಿನಿಮಾ ಇರೋದೇ ನಿಮ್ಮಂಥೋರ ಕಷ್ಟದ ಬಗ್ಗೆ. ನಿಮಗೋಸ್ಕರ ಇಷ್ಟು ಜನ ಬೆವರು ಸುರಿಸ್ತಿದೀವಿ. ನೀವು ಒಂದು ವಾರ ತಡ್ಕೊಳಲ್ಲ ಅಂದ್ರೆ?"

"ಸಾರ್, ಹುಬ್ಬು" ಎಂದ ಮೇಕಪ್ಪಿನವನು. ದೊಡ್ಡ ಡಾಕ್ಟರು ಹುಬ್ಬು ಕೊಟ್ಟರು. ಸಿಡುಕಿ ಇನ್ನೂ ನಿಂತೇ ಇದ್ದಾಳೆಂಬುದು ಅವರಿಗೆ ಮರೆತೇಹೋಯಿತು.

ಧರ್ಮದ ಕೋಣೆಯ ಹಳೆಯ ರೋಗಿಗಳಲ್ಲಿ ಡ್ರೈವರ್ ತಾತ ಒಬ್ಬ. ಬಸ್ಸು ಓಡಿಸಿ ಓಡಿಸಿ ಕಿಡ್ನಿ ಕಳೆದುಕೊಂಡೆ ಅನ್ನುತ್ತಿದ್ದ. ಗುಬ್ಬಿಯ ಪಕ್ಕದ ಮಂಚ ಅವನದು. ಎರಡನೆಯ ಸರದಿಯೂ ತಪ್ಪಿದ ದಿನ ಸಿಡುಕಿಗೆ ಬುದ್ಧಿ ಹೇಳಿದವನು ಅವನೇ.

"ಆ ಹೀರೋ ಹತ್ರ ಹೋಗಿ ಕೇಳೇ. ಹೋದ ಸಿನಿಮಾದಲ್ಲಿ ಕುರುಡಿಗೆ ಕಣ್ಣು ಕಿತ್ತು ಕೊಟ್ಟನಲ್ಲ."

"ಅದು ಸಿನಿಮಾ ತಾತ."

"ಇರ್ಲಿ, ಒಂಚೂರಾದ್ರೂ ಮೈಗೆ ಅಂಟಿರುತ್ತೆ. ಹೋಗು."

ಹಿತ್ತಲಲ್ಲಿ ನಿಲ್ಲಿಸಿದ್ದ ಹೀರೋನ ವ್ಯಾನಿನೊಳಗೆ ಮಂಜಿನಂಥ ತಂಪು. ಅವನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಪಾದ ಇಳಿಬಿಟ್ಟು ಕೂತಿದ್ದ. ಒಳಗೆ ಬಿಟ್ಟುಕೊಂಡ, ಕೂರು ಎಂದ, ಪೂರ್ತಿ ಕೇಳಿದ. ನಿಜ ಹೇಳಬೇಕೆಂದರೆ ಆ ಆಸ್ಪತ್ರೆಯಲ್ಲಿ ಅವಳ ಮಾತನ್ನು ನಡುವೆ ಕತ್ತರಿಸದೆ ಕೇಳಿದವನು ಅವನೊಬ್ಬನೇ. ಅವನ ಕಣ್ಣಂಚು ಒದ್ದೆಯಾಯಿತು.

"ಮಗಳು ಉಸಿರು ಬಿಡುವಾಗ ಏನೋ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ."

"ಬೆಕ್ಕಿನ ಮರಿ ಕೂಗಿದ ಹಂಗೆ ಸದ್ದು ಬರುತ್ತೆ ಸಾರ್. ಎದೆ ಒಳಗಿಂದ. ನಿದ್ದೇಲಿದ್ರೂ ನಂಗೆ ಎಚ್ಚರಾಗುತ್ತೆ."

"ಹೇಳುವಾಗ ಎದೆ ಮೇಲೆ ಕೈ ಇಟ್ಕೊಂಡ್ರಲ್ಲ, ಹಂಗೇ ಇಟ್ಕೊಂಡು ಹೇಳಿ."

ಕಲ್ಲು ಕರಗಿತು ಎಂದುಕೊಂಡು ಸಿಡುಕಿ ಕೈ ಇಟ್ಟುಕೊಂಡು ಮತ್ತೆ ಹೇಳಿದಳು. ಅವನು ತಲೆದೂಗಿದ. ಪಕ್ಕದಲ್ಲಿ ನಿಂತಿದ್ದ ಮೈಕಿನವನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನಾಳೆ ಡೈಲಾಗಿಗೆ ಇದೇ ಇರ್ಲಿ" ಎಂದ.

"ಸಾರ್, ಸರದಿ?" ಎಂದಳು ಸಿಡುಕಿ.

"ಹೇಳ್ತೀನಿ ಬಿಡಿ, ಹೇಳ್ತೀನಿ." ವ್ಯಾನಿನ ಬಾಗಿಲು ಹಾಕಿಕೊಂಡಿತು.

ಅವನು ಹೇಳಿದ್ದೇನೋ ನಿಜ, ಸುಳ್ಳಾಡಬಾರದು. ಮಾರನೆಯ ದಿನ, ಅಂದರೆ ಸಿಡುಕಿ ಹರಕಲು ತೊಟ್ಟು ಕಾರಿಡಾರಿನಲ್ಲಿ ನಿಂತ ದಿನ, ದೀಪಗಳ ನಡುವೆ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ: "ನನ್ನ ಮಗಳು ಉಸಿರು ಬಿಟ್ರೆ ಬೆಕ್ಕಿನ ಮರಿ ಕೂಗಿದ ಹಂಗೆ ಸದ್ದು ಬರುತ್ತೆ ಡಾಕ್ಟರ್! ನಿಮಗೆ ಕೇಳಿಸಲ್ವಾ?" ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತರಲ್ಲಿ ಒಬ್ಬ ಕಣ್ಣೊರೆಸಿಕೊಂಡ.

ಸದ್ದು ಹಿಡಿಯುವವನು ಮಾತ್ರ ಕಿವಿಗೆ ಹಾಕಿದ್ದನ್ನು ಒತ್ತಿಕೊಂಡು ಮುಖ ಕಿವುಚಿದ.

"ಸಾರ್, ಇನ್ನೊಂದು ಸಲ ಹೋಗ್ಬೇಕು. ಇಲ್ಲೇ ಎಲ್ಲೋ ಬೆಕ್ಕು ಸೇರ್ಕೊಂಡಿದೆ. ಕುಂಯ್ ಕುಂಯ್ ಅಂತ ಬರ್ತಾ ಇದೆ."

ಹುಡುಕಿದರು. ಬೆಕ್ಕು ಸಿಗಲಿಲ್ಲ. ಕಾರಿಡಾರಿನ ಕೊನೆಯ ಬೆಂಚಿನ ಮೇಲೆ, ದೀಪದ ಕಂಬಗಳ ಹಿಂದೆ, ಬೆಳಿಗ್ಗೆ ಸಿಡುಕಿ ಕೂರಿಸಿಹೋದ ಕಡೆಯೇ, ಗುಬ್ಬಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಣ್ಣು ಊದಿ ಗೆರೆಯಾಗಿದ್ದವು.

"ಯಾರದ್ರೋ ಈ ಮಗು?" ಮೈಕಿನವನು ಕೂಗಿದ. "ಸಾಗಿಸ್ರೋ ಹಿತ್ತಲಿಗೆ! ಒಂದು ಶಾಟು ನೆಟ್ಟಗೆ ತೆಗೆಯೋಕೆ ಬಿಡಲ್ವಲ್ಲ ಈ ದರಿದ್ರ ಜನ."

"ನಂದು ಸಾರ್" ಎಂದು ಸಿಡುಕಿ ಹೆಜ್ಜೆ ಇಟ್ಟಳು.

"ಏಯ್, ಏಯ್! ನೀನು ಅಲ್ಲಾಡ್ಬೇಡ. ಜಾಗ ಬಿಟ್ರೆ ಮುಂಚೆ ತೆಗೆದಿದ್ದೆಲ್ಲ ಹಾಳಾಗುತ್ತೆ!"

ಇಬ್ಬರು ಬಂದು ಬೆಂಚಿನ ಎರಡು ತುದಿ ಹಿಡಿದು ಎತ್ತಿದರು. ಗುಬ್ಬಿ ಕೂತಂತೆಯೇ, ಮೇಜಿನ ಮೇಲಿನ ಬೊಂಬೆಯ ಹಾಗೆ, ಹೊರಟಳು. ಹೋಗುವಾಗ ಒಂದು ಕೈ ಎತ್ತಿ ಅಮ್ಮನ ಕಡೆ ಚಾಚಿದಳು. ಮೈಕಿನವನು ಸಿಡುಕಿಯ ಮುಖ ನೋಡಿ ಕುಣಿದಾಡಿದ: "ಹಾಂ! ಇದು ನೋಡು, ಇದು ಮುಖ ಅಂದ್ರೆ! ಇದನ್ನೇ ಹಿಡ್ಕೋ, ಬಿಡ್ಬೇಡ!"

"ನಿನ್ನ ಬಾಯಿಗೆ ಮಣ್ಣು ಹಾಕ, ಬೋಳಿಮಗನೇ" ಎಂದು ಸಿಡುಕಿ ಸಾಲಿನಿಂದ ಹೊರಗೆ ಬಂದಳು.

ಹಿತ್ತಲಲ್ಲಿ, ಕೊಳೆ ಬ್ಯಾಂಡೇಜು ತುಂಬುವ ಡಬ್ಬಗಳ ಪಕ್ಕ ಬೆಂಚು ಇಳಿಸಿ ಹೋಗಿದ್ದರು. ಧರ್ಮದ ಕೋಣೆಯ ಸಿಸ್ಟರು ಆಗಲೇ ಅಲ್ಲಿ ಬಗ್ಗಿ ಗುಬ್ಬಿಯ ಎದೆಗೆ ಕೊಳವೆ ಇಟ್ಟು ಕೇಳುತ್ತಿದ್ದಳು. ಅವಳಿಗೂ ಸಿನಿಮಾದಲ್ಲಿ ಸಿಸ್ಟರ ವೇಷ ಕೊಟ್ಟಿದ್ದರು. ತುಟಿಗೆ ಕೆಂಪು ಬಳಿದಿದ್ದರು. ಡ್ರೈವರ್ ತಾತ ಗೋಡೆ ಹಿಡಿದು ನಿಂತಿದ್ದ. ಅವನ ಹಿಂದೆ, ಮುಂದಿನ ವಾರದವರೆಗೆ ಕಾಯಲಾರದೆ ಬಂದು ಕೂತ ಇನ್ನೂ ಕೆಲವರು.

"ಎದೆ ತುಂಬಿದೆ ಕಣೇ" ಎಂದಳು ಸಿಸ್ಟರು. "ಸಾಯಂಕಾಲದೊಳಗೆ ಯಂತ್ರಕ್ಕೆ ಹಾಕ್ದೇ ಇದ್ರೆ..."

"ಒಳಗಿರೋ ಯಂತ್ರ ಓಡುತ್ತಾ?" ಎಂದಳು ಸಿಡುಕಿ.

"ಓಡದೇನು. ಪರದೆ ಮಿಣುಕ್ತಾ ಇದ್ರೆ ಚೆನ್ನಾಗಿ ಕಾಣುತ್ತೆ ಅಂತ ಒಂದಕ್ಕೆ ನೀರು, ಕರೆಂಟು ಎಲ್ಲಾ ಕೊಟ್ಟೇ ಇಟ್ಟಿದಾರೆ."

ಅಷ್ಟರಲ್ಲಿ ಬಾಗಿಲಿನಿಂದ ಮೇಲ್ವಿಚಾರಕನ ದನಿ. "ಏ ಸಿಡುಕಿ! ಎಲ್ಲಿ ಸತ್ತೆ? ಒಳಗೆ ಬಣ್ಣದ ರಕ್ತ ಚೆಲ್ಲಿದೆಯಂತೆ, ಬಂದು ಒರ್ಸು!"

"ಬಂದೆ" ಎಂದಳು ಸಿಡುಕಿ. ಗುಬ್ಬಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಬೆಳಿಗ್ಗೆ ಹಿತ್ತಲ ಬಾಗಿಲ ಬಳಿ ಬಿಟ್ಟುಹೋಗಿದ್ದ ಬಕೆಟ್ಟನ್ನು ಒಂದು ಕೈಯಲ್ಲಿ ಹಿಡಿದಳು, ನೆಲ ಒರೆಸುವ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಸಿಸ್ಟರ ಮುಖ ನೋಡಿದಳು, ಅಷ್ಟೇ. ಸಿಸ್ಟರು ಒಂದು ಗಳಿಗೆ ನೆಲ ನೋಡಿ, ಹಿಂದೆಯೇ ಹೊರಟಳು.

ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ಕಾವಲಿದ್ದವನು ಹರಕಲು ಬಟ್ಟೆ, ಹೆಗಲ ಮೇಲಿನ ಮಗು, ತುಟಿಗೆ ಕೆಂಪು ಹಚ್ಚಿದ ಸಿಸ್ಟರು ಎಲ್ಲವನ್ನೂ ನೋಡಿ, "ಇದು ಯಾವ ಸೀನು?" ಎಂದ.

"ಅಳೋ ಸೀನು" ಎಂದಳು ಸಿಡುಕಿ. ಅವನು ದಾರಿ ಬಿಟ್ಟ.

ಒಳಗೆ ಜನ ಕಡಿಮೆ ಇರಲೆಂದು ನಿರ್ದೇಶಕನೇ ಎಲ್ಲರನ್ನೂ ಹೊರಗೆ ಕಳಿಸಿದ್ದ. ಅವನು, ಕ್ಯಾಮೆರಾದವನು, ಹೀರೋ, ಸೀನಿಗೆ ಬೇಕಾದ ಇನ್ನಿಬ್ಬರು, ಅಷ್ಟೇ ಇದ್ದರು. ದೊಡ್ಡ ಡಾಕ್ಟರನ್ನು ಕುರ್ಚಿಗೆ ಹಗ್ಗದಿಂದ ಬಿಗಿದಿದ್ದರು. ನಿಜದ ಹಾಗೆ ಕಾಣಲೆಂದು ನಿಜವಾಗಿಯೇ ಬಿಗಿದಿದ್ದರು. ಯಂತ್ರದ ಪಕ್ಕದ ಮಂಚದ ಮೇಲೆ ಹೀರೋನ ಮಗಳ ಪಾತ್ರದ ಹುಡುಗಿ, ದುಂಡುಕೆನ್ನೆಗೆ ಬೂದಿ ಬಣ್ಣ ಬಳಿಸಿಕೊಂಡು, ಚಾಕಲೇಟು ಚೀಪುತ್ತ ಮಲಗಿದ್ದಳು.

ಸಿಡುಕಿ ಚಿಲಕ ಹಾಕಿದಳು. ಬಾಗಿಲಿನ ಎರಡು ಹಿಡಿಗಳ ನಡುವೆ ಒರೆಸುವ ಕೋಲು ತೂರಿಸಿದಳು. ನೇರ ಮಂಚದ ಹತ್ತಿರ ಹೋದಳು.

"ಏಳು ಕಂದಾ. ಆ ಸ್ಟೂಲಿನ ಮೇಲೆ ಕೂತ್ಕೋ. ಇವಳು ಮಲಗ್ಬೇಕು."

ಹುಡುಗಿ ಗುಬ್ಬಿಯ ಮುಖ ನೋಡಿ ಮೆಲ್ಲಗೆ ಕೆಳಗಿಳಿದಳು. "ಅಕ್ಕಂಗೆ ನಿಜವಾಗ್ಲೂ ಹುಷಾರಿಲ್ವಾ?"

"ಹೂಂ ಕಂದಾ, ನಿಜವಾಗ್ಲೂ."

"ಏನಿದು? ಯಾರು ನೀನು? ಇದು ಕತೇಲೇ ಇಲ್ಲ!" ಎಂದು ನಿರ್ದೇಶಕ ಎದ್ದ. ಹೀರೋ ಎದ್ದು ಅಭ್ಯಾಸಬಲದಿಂದ ಪಿಸ್ತೂಲು ಅವಳ ಕಡೆ ತೋರಿಸಿದ.

"ಅದನ್ನ ಇಟ್ಕೊಂಡು ಆಚೆ ಹೋಗಿ ಆಡ್ಕೋ" ಎಂದು ಸಿಡುಕಿ ಬಕೆಟ್ಟಿನಲ್ಲೇ ಇದ್ದ ಮಗ್ಗನ್ನು ತುಂಬಿ ಮೇಲೆತ್ತಿದಳು. "ಇದೇನು ಗೊತ್ತಾ? ಕಕ್ಕಸು ತೊಳೆಯೋ ಆಸಿಡ್ಡು. ನಿಮ್ಮ ಬೆಳ್ಳನೆ ಮುಖಗಳಿಗೆ ತಲೆಗೊಂದು ಮಗ್ಗು ಸಾಕು."

ಬಕೆಟ್ಟಿನಲ್ಲಿದ್ದದ್ದು ಬೆಳಿಗ್ಗೆ ಕಾರಿಡಾರು ಒರೆಸಲು ಕಲಸಿದ್ದ ಫಿನಾಯಿಲ್ ನೀರು. ಆದರೆ ಆ ಗಂಡಸರಲ್ಲಿ ಒಬ್ಬನೂ ಹುಟ್ಟಿದ ಮೇಲೆ ಒಂದು ಕಕ್ಕಸು ತೊಳೆದವನಲ್ಲ. ವಾಸನೆಗೇ ನಂಬಿದರು. ಊರೂರಿನ ಜನ ಯಾರ ಧೈರ್ಯಕ್ಕೆ ಶಿಳ್ಳೆ ಹೊಡೆಯುತ್ತಿದ್ದರೋ ಆ ಹೀರೋ, ದೊಡ್ಡ ಡಾಕ್ಟರ ಕುರ್ಚಿಯ ಹಿಂದೆ ಕೂತುಬಿಟ್ಟ.

"ಸಾರ್, ಯಂತ್ರಕ್ಕೆ ಹಾಕು ಅಂತ ಸಿಸ್ಟರಿಗೆ ಹೇಳಿ" ಎಂದಳು ಸಿಡುಕಿ.

"ಮೊದ್ಲು ಇದನ್ನ ಬಿಚ್ಚಮ್ಮಾ" ಎಂದರು ದೊಡ್ಡ ಡಾಕ್ಟರು. "ಕೈ ಜೋಮು ಹಿಡಿದಿದೆ. ನಾನೂ ಮನುಷ್ಯ ಅಲ್ವಾ?"

"ಒಂದು ವಾರ ಸಹಿಸ್ಕೊಳ್ಳಿ ಸಾರ್."

ಮಗ್ಗು ಅವರ ಮೂಗಿನ ಹತ್ತಿರ ಬಂತು. "ಹಾಕು! ಸಿಸ್ಟರ್, ಹಾಕು!" ಎಂದು ಅರಚಿದರು.

"ನನ್ನ ಕೆಲಸ ಹೋಗುತ್ತೆ ಕಣೇ" ಎಂದಳು ಸಿಸ್ಟರು ಪಿಸುಮಾತಿನಲ್ಲಿ.

"ಗೊತ್ತು."

ಸಿಸ್ಟರು ತುಟಿಯ ಕೆಂಪನ್ನು ಕೈಯ ಹಿಂಬದಿಯಿಂದ ಒರೆಸಿಕೊಂಡಳು, ಕೈ ತೊಳೆದಳು, ಕೆಲಸಕ್ಕೆ ಇಳಿದಳು. ಯಂತ್ರವನ್ನು ಸಜ್ಜುಮಾಡಲು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಹೊರಗಿನಿಂದ ಮೊದಲು ಮೈಕಿನವನು, ಆಮೇಲೆ ಮೇಲ್ವಿಚಾರಕ, ಆಮೇಲೆ ಯಾರು ಯಾರೋ ಬಾಗಿಲು ಬಡಿದರು. ಕೊನೆಗೂ ಗುಬ್ಬಿಯ ಕತ್ತಿನ ಬಳಿಯ ನಳಿಗೆಯಲ್ಲಿ ರಕ್ತ ಹತ್ತಿ ಯಂತ್ರದ ಕಡೆ ಓಡಿತು. ಪಂಪು ತಿರುಗತೊಡಗಿತು. ಸಿಡುಕಿ ಅದನ್ನೇ ನೋಡುತ್ತ ನಿಂತಳು.

ಅವಳ ಕಣ್ಣು ಅಲ್ಲಿದ್ದಾಗಲೇ ನಿರ್ದೇಶಕ ಕ್ಯಾಮೆರಾದವನ ಕಿವಿಯಲ್ಲಿ, "ನಿಲ್ಲಿಸ್ಬೇಡ, ತೆಗೀತಾ ಇರು. ಇಂಥದ್ದು ಕೋಟಿ ಕೊಟ್ರೂ ಸಿಗಲ್ಲ" ಎಂದ. ಕ್ಯಾಮೆರಾದ ಮೂತಿ ಗುಬ್ಬಿಯ ಕಡೆ ತಿರುಗಿತು. ಅದನ್ನು ಕಂಡದ್ದೇ ತಡ ಹೀರೋಗೆ ಎಲ್ಲಿಲ್ಲದ ಜೀವ ಬಂತು. ಕುರ್ಚಿಯ ಹಿಂದಿನಿಂದ ತೆವಳಿ ಬಂದು, ಕೂದಲು ಕೆದರಿಕೊಂಡು, ಮಂಚದ ಕಾಲ ಬಳಿ ಮಂಡಿಯೂರಿ, ಗುಬ್ಬಿಯ ಊದಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಅಳತೊಡಗಿದ. ಕಣ್ಣಿಗೆ ಏನೂ ಹಚ್ಚಿಕೊಳ್ಳದೆಯೇ ಅತ್ತ, ಪುಣ್ಯಾತ್ಮ.

ಗುಬ್ಬಿ ಕಾಲು ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ಮುಖವನ್ನು ಗೋಡೆಯ ಕಡೆ ಹೊರಳಿಸಿದಳು.

"ಅಮ್ಮಾ, ತೆಗೀಬೇಡಿ ಅಂತ ಹೇಳು. ನನ್ನ ಮುಖ ಹಿಂಗಿದೆ."

ಸಿಡುಕಿ ತಿರುಗಿದಳು. ಕ್ಯಾಮೆರಾದ ಕೆಂಪು ದೀಪ ಕಂಡಿತು, ಮಗಳ ಪಾದ ಹಿಡಿದ ಹೀರೋ ಕಂಡ. ಕೈಯಲ್ಲಿದ್ದ ಒಂದೇ ಆಯುಧ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿದಳು. ಮೊದಲ ಬೀಸಿನಲ್ಲಿ ಅರ್ಧ ಕ್ಯಾಮೆರಾಕ್ಕೆ ಹೋಯಿತು. ಹೀರೋ ಹೌಹಾರಿ ಪಾದ ಬಿಟ್ಟು ಕೋಣೆಯ ಮೂಲೆಗೆ ಓಡಿದ. ಉಳಿದರ್ಧ ಅಲ್ಲಿ ಅವನ ತಲೆಯ ಮೇಲೆ ಬಿತ್ತು.

"ಆಸಿಡ್ಡು! ಸತ್ತೆ! ಅಮ್ಮಾ, ಸತ್ತೆ!" ಎಂದು ಅವನು ನೆಲದ ಮೇಲೆ ಹೊರಳಿದ. ಕ್ಯಾಮೆರಾ ಚಿಟಿಚಿಟಿ ಅಂದು ಕಣ್ಣು ಮುಚ್ಚಿತು. ಹೊರಳಿ ಹೊರಳಿ ಸಾಕಾದ ಮೇಲೆ ಹೀರೋ ಕೆನ್ನೆ ಮುಟ್ಟಿ ನೋಡಿಕೊಂಡ. ಕೆನ್ನೆ ಅಲ್ಲೇ ಇತ್ತು. "ನೀರು" ಎಂದ. "ಬರೀ ನೀರು!"

"ಹೂಂ, ನೀರೇ" ಎಂದಳು ಸಿಡುಕಿ. "ನಿಮ್ಮ ನೆಲ ಒರೆಸೋ ನೀರು. ಏನೀಗ?"

"ಹಿಡಿಯೋ ಆ ಮುಂಡೇನ!" ನಿರ್ದೇಶಕ ಕೂಗಿದ. ಕ್ಯಾಮೆರಾದವನು ಹೆಜ್ಜೆ ಎತ್ತಿದ.

ಸಿಸ್ಟರು ಯಂತ್ರಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಳು. "ಬನ್ನಿ, ಇನ್ನೊಂದು ಹೆಜ್ಜೆ ಇಟ್ಟು ನೋಡಿ. ಈ ಮಗುವಿನ ರಕ್ತ ಈಗ ಹೊರಗೆ ಓಡ್ತಾ ಇದೆ. ಎಳೆದಾಟದಲ್ಲಿ ಒಂದು ನಳಿಗೆ ಕಿತ್ತು ಬಂದ್ರೆ ನಿಮ್ಮ ಕಣ್ಣೆದುರಿಗೇ ಹೋಗ್ತಾಳೆ. ಕೋರ್ಟಲ್ಲಿ ನಿಂತು ಯಾರು ಎಳೆದ್ರು ಅಂತ ನಾನೇ ಹೇಳ್ತೀನಿ. ಅಲ್ವಾ ಸಾರ್?"

ದೊಡ್ಡ ಡಾಕ್ಟರ ಮುಖದ ಬಣ್ಣ ಬೆವರಿಗೆ ಕರಗಿ ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. "ಹೌದು" ಎಂದರು. "ಯಾರೂ ಅಲ್ಲಾಡ್ಬೇಡಿ."

ಯಾರೂ ಅಲ್ಲಾಡಲಿಲ್ಲ. ಆಮೇಲೆ ಹೊರಗಿನಿಂದ ಬಂದದ್ದು ಪೊಲೀಸರ ದನಿ. "ಬಾಗಿಲು ತೆಗೀ! ಇಲ್ಲಾಂದ್ರೆ ಒಡೀತೀವಿ!"

ಅದರ ಹಿಂದೆಯೇ, ಬಾಗಿಲಿಗೆ ಅಂಟಿಕೊಂಡ ಹಾಗೆ, ಡ್ರೈವರ್ ತಾತನ ಏದುಸಿರು. "ನಮ್ಮನ್ನ ತುಳ್ಕೊಂಡು ಹೋಗ್ರಪ್ಪಾ. ಇಲ್ಲಿ ಕೂತಿರೋರೆಲ್ಲ ಮುಂದಿನ ವಾರದೋರೇ." ಆಮೇಲೆ ದನಿ ತಗ್ಗಿಸಿ, "ಎಷ್ಟು ಹೊತ್ತೇ ಇನ್ನೂ?"

"ಅರ್ಧಾನೂ ಆಗಿಲ್ಲ ತಾತ."

"ಸರಿ ಬಿಡು. ಆದಷ್ಟು ಹೊತ್ತು ಎಳೀತೀವಿ."

ಎಳೆದರು. ಸ್ವಲ್ಪ ಹೊತ್ತು ಬರೀ ಬೈಗುಳ, ಕೆಮ್ಮು, ನೆಲದ ಮೇಲೆ ಮೈಗಳನ್ನು ಸರಸರನೆ ಎಳೆದೊಯ್ಯುವ ಸದ್ದು ಕೇಳಿಸಿತು. ಯಾರೋ ನೋವಿಗೆ ಕಿರುಚಿದರು. ತಾತನ ದನಿ ಮತ್ತೆ ಬರಲಿಲ್ಲ.

ಸಿಡುಕಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮೊದಲ ಏಟಿಗೆ ತಲೆಯ ಮೇಲಿನ ಕೋಲು ಬಿರುಕು ಬಿಟ್ಟಿತು. ಒದ್ದೆ ನೆಲದಲ್ಲಿ ಹಿಮ್ಮಡಿ ಜಾರಿತು. ಎಳೆದು ಮತ್ತೆ ಊರಿದಳು.

"ಅಮ್ಮಾ."

"ಏನು ಕಂದಾ?"

"ಉಸಿರು ಬರ್ತಾ ಇದೆ."

"ತಗೋ" ಎಂದಳು ಸಿಡುಕಿ. "ಹೊಟ್ಟೆ ತುಂಬಾ ತಗೋ."

ಎರಡನೆಯ ಏಟು ಬಾಗಿಲನ್ನು ದಾಟಿ ಅವಳ ಬೆನ್ನಿಗೇ ಬಿತ್ತು.